ಹುಳು ಕುಲುಕದ ಗಾಡಿಗಾಗಿ ಜಪಾನಿಗೆ

ರಾಮನಗರ: ಹೊರಡುವ ಮುನ್ನ

ಜಪಾನಿಗೆ ಹೋಗಿ ಬಂದೆ ಎಂದರೆ ನಮ್ಮ ಬೀದಿಯವರು ಮೊದಲು ಕೇಳುವುದು ಬುಲೆಟ್ ರೈಲು ಹತ್ತಿದೆಯಾ ಎಂದು. ಹತ್ತಲಿಲ್ಲ. ಹೂವಿನ ಮರ ನೋಡಿದೆಯಾ? ನಾನು ಹೋಗುವ ಹೊತ್ತಿಗೆ ಹೂವೆಲ್ಲ ಉದುರಿ ಬರೀ ಎಲೆ ಉಳಿದಿತ್ತು. ಮತ್ತೆ ಅಷ್ಟು ದೂರ ಹೋಗಿ ಕಡಿದು ಗುಡ್ಡೆ ಹಾಕಿದ್ದೇನು ಎನ್ನುತ್ತಾರೆ. ಎಂಬತ್ತು ದಾಟಿದ ಒಬ್ಬ ಅಜ್ಜಿಯ ಕೈಯಿಂದ ಒಂದು ತಟ್ಟೆ ರೇಷ್ಮೆ ಹುಳು ಇಸಿದುಕೊಂಡೆ ಎಂದರೆ ನಗುತ್ತಾರೆ. ನಗಲಿ ಬಿಡಿ. ನನಗೆ ಈಗಲೂ ಅದನ್ನು ನೆನೆದರೆ ಮೈ ಜುಮ್ಮೆನ್ನುತ್ತದೆ.

ನನ್ನ ಹೆಸರು ನಾಗರಾಜ. ರಾಮನಗರದ ರೇಷ್ಮೆ ಗೂಡಿನ ಮಾರುಕಟ್ಟೆಯ ಹಿಂದಿನ ರಸ್ತೆಯಲ್ಲಿ ಗ್ಯಾರೇಜು ಇಟ್ಟುಕೊಂಡಿದ್ದೇನೆ. ಹೆಂಡತಿ ಜಯಮ್ಮ ಕನಕಪುರ ರಸ್ತೆಯ ನಮ್ಮ ಹಳ್ಳಿಯಲ್ಲಿ ಚಾಕಿ ಕೇಂದ್ರ ನಡೆಸುತ್ತಾಳೆ. ಮೊಟ್ಟೆಯಿಂದ ಹೊರಬಂದ ಹುಳುವನ್ನು ಎಳೆ ಸೊಪ್ಪು ಹೆಚ್ಚಿ ಹಾಕಿ ವಾರವಿಡೀ ಸಾಕಿ, ಆಮೇಲೆ ರೈತರ ಮನೆಗೆ ಒಪ್ಪಿಸುವ ಕೆಲಸ ಅದು. ಹುಳು ಪೊರೆ ಕಳಚುವುದನ್ನು ನಾವು ಜ್ವರ ಎನ್ನುತ್ತೇವೆ. ಜ್ವರಕ್ಕೆ ಕೂತ ಹುಳು ಸೊಪ್ಪು ಮುಟ್ಟುವುದಿಲ್ಲ, ತಲೆ ಎತ್ತಿಕೊಂಡು ಅಲ್ಲಾಡದೆ ನಿಂತಿರುತ್ತದೆ. ಎರಡನೇ ಜ್ವರಕ್ಕೆ ಕೂತಾಗ ಬೆಳಗಿನ ತಂಪಿನಲ್ಲಿ ಸಾಗಿಸಿಬಿಡಬೇಕು. ಆಗ ಅದಕ್ಕೆ ಹೊಗೆ ಆಗದು, ಕುಲುಕಾಟವೂ ಆಗದು.

ಹೊಗೆಯ ವಿಷಯದಲ್ಲಿ ಜಯಮ್ಮನಷ್ಟು ಕಟ್ಟುನಿಟ್ಟಿನ ಹೆಂಗಸನ್ನು ನಾನು ನೋಡಿಲ್ಲ. ಹುಳು ಮನೆಯ ಬಾಗಿಲಲ್ಲಿ ನನ್ನ ಅಂಗಿಯನ್ನು ಮೂಸಿ ನೋಡಿಯೇ ಒಳಗೆ ಬಿಡುತ್ತಾಳೆ. ವಾಸನೆ ಸೋಪು ಹಾಕಿ ಸ್ನಾನ ಮಾಡಿದ್ದರೆ ಬಾಗಿಲಿನಿಂದಲೇ ವಾಪಸ್ಸು. ಅಂಥವಳ ಹುಳುವನ್ನು ಡೀಸೆಲ್ ವ್ಯಾನಿನಲ್ಲಿ ಸಾಗಿಸುತ್ತಿದ್ದೆ. ಗಾಡಿ ಓಡುವಾಗ ಹೊಗೆ ಹಿಂದಕ್ಕೆ ಹೋಗುತ್ತದೆ, ಸರಿ. ಆದರೆ ಹಳ್ಳಿಯ ಓಣಿಯಲ್ಲಿ ತೆವಳುವಾಗ, ರೈಲ್ವೆ ಗೇಟಿನಲ್ಲಿ ನಿಂತಾಗ ಅದೇ ಹೊಗೆ ತಿರುಗಿ ಒಳಗೆ ನುಗ್ಗುತ್ತದೆ. ಪರಿಸರ, ವಾಯುಮಾಲಿನ್ಯ ಎಂದು ಟೀವಿಯಲ್ಲಿ ಮಾತಾಡುವವರಿಗೆ ಅದು ದೊಡ್ಡ ಮಾತು. ನಮ್ಮ ಮನೆಯಲ್ಲಿ ಅದು ತಟ್ಟೆಯೊಳಗೆ ಸಾಯುವ ಹುಳುವಿನ ಲೆಕ್ಕ.

ಹಾಗಾಗಿ ಮೂರು ವರ್ಷ ಒದ್ದಾಡಿ ನನ್ನ ಹಳೇ ವ್ಯಾನನ್ನು ಹೈಬ್ರಿಡ್ ಮಾಡಿದೆ. ನಮ್ಮ ಕಡೆ ಹೈಬ್ರಿಡ್ ಎಂದರೆ ಟೊಮೇಟೊ ಬೀಜ. ಗಾಡಿಯಲ್ಲೂ ಹೈಬ್ರಿಡ್ ಬಂತಾ ಎಂದು ಎಷ್ಟು ಜನ ಕೇಳಿದರೋ. ಡೀಸೆಲ್ ಇಂಜಿನ್ನು ಹಾಗೇ ಇರುತ್ತದೆ, ಹಿಂದಿನ ಚಕ್ರಕ್ಕೆ ಕರೆಂಟಿನ ಮೋಟಾರು, ಅಡಿಯಲ್ಲಿ ಬ್ಯಾಟರಿ. ಓಣಿಯಲ್ಲಿ, ನಿಂತು ಹೊರಡುವಲ್ಲಿ ಮೋಟಾರು, ಹೊಗೆಯೇ ಇಲ್ಲ. ಬಯಲು ರಸ್ತೆಗೆ, ಏರಿಗೆ ಇಂಜಿನ್ನು. ಪೂರ್ತಿ ಬ್ಯಾಟರಿ ಗಾಡಿಯನ್ನೇ ಮಾಡಬಹುದಿತ್ತಲ್ಲ ಎಂದು ಕೇಳುತ್ತೀರಿ. ಮಾಗಡಿ ಕಡೆಯ ದಿಣ್ಣೆಗಳನ್ನು ನೀವು ಹತ್ತಿಲ್ಲ, ನನ್ನ ಬ್ಯಾಟರಿ ಹತ್ತಿದೆ. ನಡುದಾರಿಯಲ್ಲಿ ಕೈ ಕೊಟ್ಟಿದೆ ಕೂಡ.

ಎಲ್ಲ ಸರಿಯಿತ್ತು, ಒಂದು ಬಿಟ್ಟು. ಮೋಟಾರಿನಿಂದ ಇಂಜಿನ್ನಿಗೆ ಬದಲಾಯಿಸುವಾಗ ಗಾಡಿ ಧಡ್ ಎಂದು ಜರ್ಕ್ ಹೊಡೆಯುತ್ತಿತ್ತು. ಕೆಂಪಾಪುರದ ಗಂಗಣ್ಣನ ಮನೆಗೆ ಹುಳು ಕೊಂಡೊಯ್ಯುವಾಗ, ಊರಿಗೆ ಮುಂಚಿನ ಏರಿನಲ್ಲಿ ಹೊಡೆದ ಜರ್ಕಿಗೆ ಹಿಂದಿದ್ದ ತಟ್ಟೆಗಳು ಒಂದರ ಮೇಲೊಂದು ಜಾರಿದವು. ಜ್ವರಕ್ಕೆ ಕೂತಿದ್ದ ಹುಳು ಕದಡಿಹೋದವು. ಗಂಗಣ್ಣನ ಬೆಳೆಯಲ್ಲಿ ಅರ್ಧ ಹುಳು ಬೆರಳಿನಷ್ಟಾದರೆ ಅರ್ಧ ಕಡ್ಡಿಯಷ್ಟೇ ಉಳಿದವು. ಜಯಮ್ಮ ಕೂಗಾಡಲಿಲ್ಲ. ಖಾಲಿ ತಟ್ಟೆಗಳನ್ನು ತೊಳೆದು ಬಿಸಿಲಿಗಿಟ್ಟು ಬಂದು ಹೇಳಿದಳು.

"ಆ ಜರ್ಕು ನಿಲ್ಲೋಗಂಟ ನನ್ನ ಒಂದು ಹುಳಾನೂ ಅದ್ರೊಳಕ್ಕೆ ಹತ್ಸಲ್ಲ ಕಣ್ರೀ. ಹೇಳ್ಬುಟ್ಟೆ."

ಯಾರ ಹುಳುವಿಗಾಗಿ ಗಾಡಿ ಕಟ್ಟಿದ್ದೆನೋ ಅವಳೇ ಹತ್ತಿಸುವುದಿಲ್ಲ ಎಂದ ಮೇಲೆ ಅದು ಗಾಡಿಯಲ್ಲ, ಗುಜರಿ. ಆಗ ನೆನಪಾದವನು ಪುಟ್ಟಸ್ವಾಮಿ. ಐಟಿಐನಲ್ಲಿ ನನ್ನ ಜೊತೆ ಓದಿದವನು. ಹಾರೋಹಳ್ಳಿಯಲ್ಲಿ ಗಾಡಿ ಬಿಡಿಭಾಗ ಮಾಡುವ ಒಂದು ಕಾರ್ಖಾನೆಯ ಸೂಪರ್‌ವೈಸರ್. ಕಂಪನಿಯವರು ಅವನಿಗೆ ಜಪಾನಿ ಭಾಷೆ ಕಲಿಸಿ ನಗೋಯಾ ಹತ್ತಿರ ತರಬೇತಿಗೆ ಕಳಿಸಿದ್ದರು. ಅವನು ನನ್ನ ವ್ಯಾನಿನ ವಿಡಿಯೋವನ್ನು ಅಲ್ಲಿನ ಒಬ್ಬ ನಿವೃತ್ತ ಎಂಜಿನಿಯರಿಗೆ ತೋರಿಸಿದ. ಅವರು ಎರಡೇ ಮಾತು ಬರೆದು ಕಳಿಸಿದರು: ಗಾಡಿ ಕಟ್ಟಿದವರನ್ನು ಕರೆದುಕೊಂಡು ಬಾ.

ನಗೋಯಾ: ಟ್ಯಾಕ್ಸಿಯ ಕೆಳಗೆ

ಪುಟ್ಟಸ್ವಾಮಿ ನನ್ನನ್ನು ರೈಲು ನಿಲ್ದಾಣದ ಹೊರಗೆ ಟ್ಯಾಕ್ಸಿ ಸಾಲಿನಲ್ಲಿ ನಿಲ್ಲಿಸಿ, ತಿಂಡಿ ತರುತ್ತೇನೆಂದು ಹೋದ. ಬೆನ್ನ ಹಿಂದೆ ಏನೋ ಸಣ್ಣಗೆ ಗುನುಗಿದಂತಾಯಿತು. ತಿರುಗಿದರೆ ಒಂದು ಕಾರು ಮೊಣಕಾಲಿಗೆ ಅಂಟಿಕೊಂಡಂತೆ ನಿಂತಿದೆ! ಬಂದದ್ದೇ ಗೊತ್ತಾಗಲಿಲ್ಲ. ಆಮೇಲೆ ತಿಳಿಯಿತು, ಈ ಹೈಬ್ರಿಡ್ ಗಾಡಿಗಳು ಮೋಟಾರಿನಲ್ಲಿ ಹೋಗುವಾಗ ಎಷ್ಟು ನಿಶ್ಶಬ್ದವೆಂದರೆ ಜನ ಅಡ್ಡ ಬಂದುಬಿಡುತ್ತಾರೆ. ಅದಕ್ಕಾಗಿ ಬೇಕೆಂದೇ ಒಂದು ಗುನುಗು ಸೇರಿಸಿದ್ದಾರೆ. ಸದ್ದು ಕಳೆಯಲು ಅಷ್ಟು ಬುದ್ಧಿ ಖರ್ಚು ಮಾಡಿ, ಮತ್ತೆ ಒಂದು ಚಿಟಿಕೆ ಸದ್ದು ಹಾಕಿದ್ದಾರೆ. ನಮ್ಮ ಮೈಸೂರು ರಸ್ತೆಯಲ್ಲಿ ಇದನ್ನು ಹೇಳಿದರೆ ಲಾರಿಯವರು ಹಾರ್ನ್ ಹೊಡೆದು ನಗುತ್ತಾರೆ.

ನನಗೆ ತಡೆಯಲಾಗಲಿಲ್ಲ. ಬ್ಯಾಗನ್ನು ಅಲ್ಲೇ ಬಿಟ್ಟು ಮಂಡಿಯೂರಿ ಕಾರಿನ ಕೆಳಗೆ ತಲೆ ಹಾಕಿದೆ. ಬ್ಯಾಟರಿ ಎಲ್ಲಿಟ್ಟಿದ್ದಾರೆ, ಪೈಪು ಎತ್ತ ಹೋಗಿದೆ ಎಂದು ನೋಡಬೇಕಿತ್ತು. ಸೈಲೆನ್ಸರಿನ ತುದಿಗೆ ಮೂಗಿಟ್ಟು ಮೂಸಿಯೂ ನೋಡಿದೆ. ಜಯಮ್ಮ ಮಾಡುವ ಪರೀಕ್ಷೆ ಅದು, ನನಗೂ ರೂಢಿಯಾಗಿಬಿಟ್ಟಿದೆ. ತಲೆ ಎತ್ತಿದರೆ ಆಚೆ ಬದಿಯಿಂದ ಬಿಳಿ ಕೈಗವಸು ತೊಟ್ಟ ಚಾಲಕನೂ ಕೆಳಗೆ ಬಗ್ಗಿದ್ದಾನೆ. ನನ್ನದೇನೋ ಬಿದ್ದುಹೋಗಿದೆ ಎಂದುಕೊಂಡಿದ್ದಾನೆ ಪಾಪ. ಸಾಲಿನಲ್ಲಿ ನನ್ನ ಹಿಂದಿದ್ದ ಸೂಟಿನವರು ಬ್ಯಾಗು ಕೆಳಗಿಟ್ಟು ತಾವೂ ಬಗ್ಗಿದರು. ಅವರ ಹಿಂದಿನವರು ಫೋನಿನ ಟಾರ್ಚು ಹಾಕಿದರು. ಏನು ಕಳೆದಿದೆ ಎಂದು ಯಾರೂ ಕೇಳಲಿಲ್ಲ. ನಾಲ್ಕು ಜನ ಗಂಡಸರು, ಕಳೆದೇ ಇಲ್ಲದ ವಸ್ತುವನ್ನು ಶ್ರದ್ಧೆಯಿಂದ ಹುಡುಕುತ್ತಿದ್ದೇವೆ!

"ಲೇ ನಾಗ, ಏಳ್ಲಾ ಮ್ಯಾಕೆ!" ಪುಟ್ಟಸ್ವಾಮಿ ತಿಂಡಿ ಪೊಟ್ಟಣ ಹಿಡಿದು ಓಡಿ ಬಂದ. "ಬಂದ್ ಅರ್ಧ ಗಂಟೆಗೇ ಮಾನ ಕಳ್ದ್ಬುಟ್ಯಲ್ಲೋ."

ಅವನು ಎಲ್ಲರಿಗೂ ಬಗ್ಗಿ ಬಗ್ಗಿ ವಿವರಿಸಿದ. ನಾನು ಗಾಡಿ ರಿಪೇರಿಯವನು, ಹುಳುವಿಗಾಗಿ ಹೈಬ್ರಿಡ್ ಕಟ್ಟಿದವನು ಎಂದು ಕೇಳಿದ್ದೇ ತಡ, ಚಾಲಕನ ಮುಖ ಅರಳಿತು. ನನ್ನನ್ನು ಮುಂದಿನ ಸೀಟಿನಲ್ಲಿ ಕೂರಿಸಿದ. ಅಲ್ಲಿ ಒಂದು ಸಣ್ಣ ಪರದೆ. ಕಾರು ಹೋಗುವಾಗ ಬ್ಯಾಟರಿಯಿಂದ ಚಕ್ರದ ಕಡೆಗೆ ಬಾಣಗಳು ಓಡುತ್ತವೆ. ಬ್ರೇಕ್ ಒತ್ತಿದರೆ ಬಾಣಗಳು ತಿರುಗಿ ಚಕ್ರದಿಂದ ಬ್ಯಾಟರಿಗೆ ಬರುತ್ತವೆ. ನಿಲ್ಲುವ ಗಾಡಿಯ ಓಟವನ್ನೇ ಕರೆಂಟು ಮಾಡಿ ಒಳಗೆ ತುಂಬಿಕೊಳ್ಳುತ್ತದೆ. ಇದು ನನಗೆ ಓದಿ ಗೊತ್ತಿತ್ತು. ಕಣ್ಣಾರೆ ಕಂಡಾಗ ಮಕ್ಕಳ ಹಾಗೆ ಕೂಗಿಬಿಟ್ಟೆ.

"ಇನ್ನೊಂದ್ ಸಲ ಬ್ರೇಕ್ ಹಾಕಕ್ ಹೇಳ್ಲಾ" ಎಂದೆ.

ಪುಟ್ಟಸ್ವಾಮಿ ತಲೆ ಚಚ್ಚಿಕೊಂಡ. ಚಾಲಕ ಮಾತ್ರ ಕನ್ನಡಿ ನೋಡಿ, ಹಿಂದೆ ಯಾರೂ ಇಲ್ಲದ್ದನ್ನು ಖಚಿತ ಮಾಡಿಕೊಂಡು, ಖಾಲಿ ರಸ್ತೆಯಲ್ಲಿ ಮೂರು ಸಲ ನಿಧಾನ ಮಾಡಿ ತೋರಿಸಿದ. ಮೋಟಾರಿನಿಂದ ಇಂಜಿನ್ನಿಗೆ ಬದಲಾದದ್ದು ಪರದೆಯಲ್ಲಿ ಕಂಡಿತೇ ಹೊರತು ನನ್ನ ಬೆನ್ನಿಗೆ ಗೊತ್ತಾಗಲೇ ಇಲ್ಲ. ನನ್ನ ಉತ್ಸಾಹ ಒಂದು ಕ್ಷಣ ಇಳಿದುಹೋಯಿತು. ಇವರು ಇದನ್ನು ಮಾಡಿದ್ದಾರೆ ಎಂದಾದರೆ ಆಗುವ ಕೆಲಸವೇ ಸರಿ. ನನಗೆ ಮಾತ್ರ ಯಾಕೆ ಆಗಲಿಲ್ಲ?

ಓಕಾಯಾ: ಮೊದಲ ದಿನ

ಬೆಟ್ಟಗಳ ನಡುವೆ ಒಂದು ದೊಡ್ಡ ಕೆರೆ, ಅದರ ದಡದಲ್ಲಿ ಓಕಾಯಾ, ನಮ್ಮನ್ನು ಕರೆಸಿದ್ದ ಎಂಜಿನಿಯರರ ಊರು. ಅಜ್ಜಂದಿರ ಕಾಲದಲ್ಲಿ ಇದು ನೂಲು ತೆಗೆಯುವ ಊರಂತೆ, ನಮ್ಮ ರಾಮನಗರದ ಹಾಗೆಯೇ. ಆಮೇಲೆ ರೇಷ್ಮೆ ಹೋಗಿ ಗಡಿಯಾರ ಬಂತು, ಸಣ್ಣ ಸಣ್ಣ ಯಂತ್ರದ ಭಾಗಗಳು ಬಂದವು. ರೈಲಿಳಿದಾಗ ಏನೋ ಕಮ್ಮಿ ಇದೆ ಎನಿಸಿತು. ಸ್ವಲ್ಪ ದೂರ ನಡೆದ ಮೇಲೆ ಹೊಳೆಯಿತು, ಗೂಡು ಬೇಯಿಸುವ ವಾಸನೆ ಇಲ್ಲ. ನಮ್ಮೂರಿಗೆ ಬಂದ ನೆಂಟರು ಮೂಗು ಮುಚ್ಚಿಕೊಳ್ಳುವ ಆ ವಾಸನೆಗೆ ನಾನು ಪರದೇಶದಲ್ಲಿ ಹಂಬಲಿಸುತ್ತೇನೆಂದು ಯಾರು ತಿಳಿದಿದ್ದರು!

ಹಂಬಲಿಸಿದ್ದು ಮಧ್ಯಾಹ್ನದ ಊಟಕ್ಕೇ ಎದುರಾಯಿತು. ಒಂದು ಪುಟ್ಟ ಬಟ್ಟಲಲ್ಲಿ ಕಂದು ಬಣ್ಣದ ಏನೋ ಒಂದು, ಮೇಲೆ ಸಿಹಿಯಾದ ಪಾಕ. ಮೂಸಿದೆ. ಗೂಡಿನೊಳಗಿನ ಕೋಶ, ನೂಲು ಬಿಚ್ಚಿದ ಮೇಲೆ ಉಳಿಯುವ ಬೆಂದ ಹುಳು! ನಮ್ಮಲ್ಲಿ ಮೀನಿಗೆ, ಕೋಳಿಗೆ ಹಾಕುವುದನ್ನು ಇಲ್ಲಿ ಈಗಲೂ ಕೆಲವರು ನೆಂಚಿಕೊಳ್ಳುತ್ತಾರೆ. ನಾನು ಕೋಳಿ, ಕುರಿ ಯಾವುದನ್ನೂ ಬಿಟ್ಟವನಲ್ಲ. ಆದರೆ ಇದಕ್ಕೆ ಕೈ ಹೋಗಲಿಲ್ಲ. ನಮ್ಮ ಮನೆಗೆ ಅನ್ನ ಹಾಕಿದ ಹುಳು. ಬಟ್ಟಲಿಗೆ ಕೈ ಮುಗಿದು ಪಕ್ಕಕ್ಕೆ ಸರಿಸಿದೆ. ಪುಟ್ಟಸ್ವಾಮಿ ನನ್ನ ಪಾಲನ್ನೂ ಸೇರಿಸಿ ತಿಂದು "ಒಸಿ ಕಳ್ಳೆಬೀಜ ಇದ್ದಂಗೈತೆ" ಎಂದ.

ಒಗುಚಿ-ಸಾನ್ ಎಂಬ ಆ ಎಂಜಿನಿಯರಿಗೆ ಎಪ್ಪತ್ತಾರು ವರ್ಷ. ಸಾನ್ ಎಂದರೆ ನಮ್ಮಲ್ಲಿ ಹೆಸರಿನ ಮುಂದೆ ಅವರು ಎಂದು ಸೇರಿಸಿದ ಹಾಗೆ. ಸಣಕಲು ಮೈ, ಕಿವಿಯ ಮೇಲೊಂದು ಪೆನ್ಸಿಲು. ಕೆಲಸದಲ್ಲಿದ್ದಾಗ ಕಾರಿನ ಮೋಟಾರು ರೂಪಿಸುತ್ತಿದ್ದರಂತೆ. ಈಗ ಮನೆಯ ಹಿಂದಿನ ಶೆಡ್ಡಿನಲ್ಲಿ ರೈತರ ಹಳೇ ಪುಟ್ಟ ಟ್ರಕ್ಕುಗಳಿಗೆ ಮೋಟಾರು ಕೂರಿಸಿಕೊಡುತ್ತಾರೆ. ಶೆಡ್ಡಿನ ಬಾಗಿಲಲ್ಲಿ ಧೂಳು ಹಿಡಿಯುವ ಅಂಟು ಚಾಪೆ ಹಾಸಿತ್ತು. ನನಗೆ ತಿಳಿಯದೆಯೇ ಅದರ ಮೇಲೆ ಎಡಗಾಲು ಎರಡು ಸಲ, ಬಲಗಾಲು ಎರಡು ಸಲ ತುಳಿದು ನಿಂತೆ. ಹುಳು ಮನೆಯ ಬಾಗಿಲಲ್ಲಿ ಸುಣ್ಣದ ಪುಡಿ ತುಳಿದೇ ಒಳಗೆ ಹೋಗಬೇಕು, ಜಯಮ್ಮ ಹಾಗೆ ಪಳಗಿಸಿದ್ದಾಳೆ. ಒಗುಚಿ-ಸಾನ್ ನನ್ನ ಕಾಲನ್ನೇ ನೋಡುತ್ತಿದ್ದರು. ನಾನು ಕಾರಣ ಹೇಳಿದೆ.

ಪುಟ್ಟಸ್ವಾಮಿ ಅವರ ಮಾತನ್ನು ಕೇಳಿ ನನ್ನ ಕಡೆ ತಿರುಗಿದ. "ಅವ್ರ ಅವ್ವನೂ ಹಿಂಗೇ ಸುಣ್ಣ ತುಳುಸ್ತಿದ್ರಂತೆ ಕಣ್ಲಾ. ಅಪ್ಪ ಬೀಡಿ ಸೇದ್ಕಂಡ್ ಬಂದ್ರೆ ಒಳೀಕ್ ಬುಡ್ತಿರ್ಲಿಲ್ವಂತೆ."

ಪುಟ್ಟಸ್ವಾಮಿಯ ಬಾಯಲ್ಲಿ ಬಂದದ್ದರಿಂದ ಒಗುಚಿ-ಸಾನ್ ಎಂದರೆ ನನಗೆ ಹಾರೋಹಳ್ಳಿ ಕನ್ನಡ ಮಾತಾಡುವ ಜಪಾನಿ ಮುದುಕರು. ಈಗಲೂ ನೆನೆದರೆ ಹಾಗೇ ಕೇಳಿಸುತ್ತಾರೆ.

ವಿಡಿಯೋವನ್ನು ಐದು ಸಲ ನೋಡಿದರು. ಬದಲಾಯಿಸುವ ಸ್ವಿಚ್ಚಿನ ಚಿತ್ರ ಬರೆದು ತೋರಿಸು ಎಂದರು. ಬರೆದೆ. ನೋಡುತ್ತ ನೋಡುತ್ತ ಹಲ್ಲಿನ ಸಂದಿಯಲ್ಲಿ ಸ್ಸ್ ಎಂದು ಗಾಳಿ ಎಳೆದುಕೊಂಡರು.

"ಏನಂತವ್ರೆ?" ಎಂದೆ.

"ಏನೂ ಅಂದಿಲ್ಲ. ಇವ್ರು ಹಿಂಗ್ ಗಾಳಿ ಎಳ್ದ್ರೆ ಕಷ್ಟ ಐತೆ ಅಂತ" ಎಂದ ಪುಟ್ಟಸ್ವಾಮಿ. ಅವನ ದನಿಯೂ ಇಳಿದಿತ್ತು.

ಸಂಜೆ ಜಯಮ್ಮ ಫೋನು ಮಾಡಿದಳು. ಊಟ, ಚಳಿ ಎಲ್ಲ ವಿಚಾರಿಸಿದ ಮೇಲೆ, "ಗಂಗಣ್ಣ ಬಂದಿದ್ರು. ಮುಂದಿನ ಬೆಳೆಗೂ ನಮ್ಮ ಹುಳಾನೇ ಬೇಕಂತೆ. ಆದ್ರೆ ನಿಮ್ಮ ಗಾಡೀಲಿ ಬ್ಯಾಡ್ವಂತೆ" ಎಂದಳು. ನಾನು ಹೂಂ ಎಂದೆ. ನನ್ನ ಹೂಂ ಅವಳಿಗೆ ಅರ್ಥವಾಯಿತೇನೋ, "ಅಲ್ಲಿ ಸೋಪು ನೋಡ್ಕಂಡು ತಗೊಳ್ರೀ" ಎಂದು ಮಾತು ಬದಲಿಸಿದಳು.

ಓಕಾಯಾ: ಅಜ್ಜಿಯ ತಟ್ಟೆ

ಮಾರನೇ ದಿನ ಒಗುಚಿ-ಸಾನ್ ಗಾಡಿಯ ಮಾತೇ ಎತ್ತಲಿಲ್ಲ. ನಮ್ಮನ್ನು ತಮ್ಮ ಅಕ್ಕನ ಬಳಿಗೆ ಕರೆದೊಯ್ದರು. ಫುಮಿ-ಸಾನ್ ಎಂದು ಹೆಸರು, ಬೆನ್ನು ಬಾಗಿದ, ಕಣ್ಣು ಚುರುಕಾದ ಅಜ್ಜಿ. ಶಾಲೆಯ ಮಕ್ಕಳಿಗೆ ತೋರಿಸಲೆಂದು ಈಗಲೂ ಒಂದು ಕೋಣೆಯಲ್ಲಿ ನಾಲ್ಕಾರು ತಟ್ಟೆ ಹುಳು ಸಾಕುತ್ತಾರೆ. ಬಾಗಿಲಲ್ಲಿ ನಿಂತು ನಾನು ಅಂಗಿಯನ್ನು ಮುಂದೆ ಹಿಡಿದೆ. ಅಜ್ಜಿ ಮೂಸಿ ನೋಡಿ ತಲೆಯಾಡಿಸಿದರು. ಪುಟ್ಟಸ್ವಾಮಿಯನ್ನು ಮೂಸಿ ಹೊರಗೇ ನಿಲ್ಲಿಸಿದರು. ಬೆಳಿಗ್ಗೆ ಸೆಂಟು ಹೊಡೆದುಕೊಂಡಿದ್ದ ಅವನು ಕಿಟಕಿಯಿಂದಲೇ ಅನುವಾದ ಮಾಡಬೇಕಾಯಿತು. ನನಗೆ ಆದ ಸಂತೋಷ ಹೇಳತೀರದು.

ಒಳಗೆ ಹೋದರೆ ಅದೇ ಬೆಚ್ಚಗಿನ ಗಾಳಿ, ಅದೇ ಹಸಿ ಸೊಪ್ಪಿನ ವಾಸನೆ. ಸಮುದ್ರ ದಾಟಿ ಬಂದು ನನ್ನ ಹೆಂಡತಿಯ ಕೋಣೆಗೆ ಕಾಲಿಟ್ಟ ಹಾಗಾಯಿತು, ಕಣ್ಣು ಒದ್ದೆಯಾಯಿತು. ಇವರು ಹುಳುವನ್ನು ಬರೀ ಹುಳು ಎನ್ನುವುದಿಲ್ಲ. ದೊಡ್ಡವರಿಗೆ ಸೇರಿಸುವ ಗೌರವದ ಮಾತನ್ನು ಸೇರಿಸಿಯೇ ಕರೆಯುತ್ತಾರೆ. ಹುಳು ಸ್ವಾಮಿಗಳು ಎಂದ ಹಾಗೆ. ನಾವು ಜ್ವರ ಎನ್ನುವುದನ್ನು ಇವರು ನಿದ್ದೆ ಎನ್ನುತ್ತಾರೆ. ಒಂದನೇ ನಿದ್ದೆ, ಎರಡನೇ ನಿದ್ದೆ. ನಾವು ಹುಳುವಿನ ಹಣೆ ಮುಟ್ಟಿ ನೋಡುವ ಜನ, ಇವರು ಸದ್ದು ಮಾಡದೆ ಬಾಗಿಲು ಮುಚ್ಚುವ ಜನ.

ಅಲ್ಲಿದ್ದ ಒಂದು ತಟ್ಟೆ ಎರಡನೇ ನಿದ್ದೆಯಲ್ಲಿತ್ತು. ಅದನ್ನು ಮೇಲಿನ ಹಲಗೆಗೆ ಇಡಬೇಕಿತ್ತು. ಅಜ್ಜಿ ತಟ್ಟೆಯನ್ನೆತ್ತಿ ನನ್ನ ಕಡೆ ಚಾಚಿದರು.

ನಮ್ಮಲ್ಲಿ ಹುಳುವಿನ ತಟ್ಟೆಯನ್ನು ಕೈಯಿಂದ ಕೈಗೆ ಕೊಡುವುದಕ್ಕೆ ಒಂದು ಕ್ರಮವಿದೆ. ಇಸಿದುಕೊಳ್ಳುವವರು ಹಿಡಿತ ಸರಿ ಮಾಡಿಕೊಂಡು "ಬಂತು" ಎನ್ನಬೇಕು. ಆ ಮಾತು ಕಿವಿಗೆ ಬೀಳುವ ತನಕ ಕೊಡುವವರು ಕೈ ಬಿಡುವಂತಿಲ್ಲ. ಮದುವೆಯಾದ ಹೊಸದರಲ್ಲಿ ಬಂತು ಎನ್ನಲು ಮರೆತು ಜಯಮ್ಮನ ಕೈಯಲ್ಲಿ ಎಷ್ಟು ಬೈಸಿಕೊಂಡಿದ್ದೇನೋ. ಹಾಗಾಗಿ ಜಪಾನಿನಲ್ಲಿದ್ದೇನೆ ಎಂಬುದೂ ಮರೆತು, ತಟ್ಟೆ ಹಿಡಿದು "ಬಂತು" ಎಂದೆ.

ಅಜ್ಜಿಗೇನು ಗೊತ್ತು? ಅವರು ಕೈ ಬಿಡಲಿಲ್ಲ. ನಾನು ಇನ್ನೊಂದು ಸಲ ಹೇಳಿದೆ. ಅಜ್ಜಿ ನನ್ನ ಮುಖವನ್ನೇ ನೋಡುತ್ತ, ನಾನು ತಲೆ ಬಗ್ಗಿಸಲೆಂದು ಕಾಯುತ್ತಿದ್ದರು. ಅವರ ಕ್ರಮ ಅದಂತೆ. ಅವರು ಬಿಡಲಿ ಎಂದು ನಾನು, ನಾನು ಬಗ್ಗಲಿ ಎಂದು ಅವರು. ನಾಲ್ಕು ಕೈಗಳ ನಡುವೆ ತಟ್ಟೆ ಗಾಳಿಯಲ್ಲಿ ನಿಂತಿತ್ತು. ಒಂದು ಹುಳುವೂ ಅಲ್ಲಾಡಲಿಲ್ಲ.

ಹಿಂದಿನಿಂದ ದೊಡ್ಡ ನಗು ಕೇಳಿಸಿತು. ಒಗುಚಿ-ಸಾನ್ ತೊಡೆ ತಟ್ಟಿಕೊಂಡು ನಗುತ್ತಿದ್ದರು. ಕಿಟಕಿಯ ಕಡೆ ತಿರುಗಿ ಏನೋ ಹೇಳಿದರು.

"ನೀನು ಅಂದಿದ್ದ್ ಮಾತು ಏನು ಅಂತ ಕೇಳ್ತಾವ್ರೆ" ಎಂದ ಪುಟ್ಟಸ್ವಾಮಿ.

ಹೇಳಿದೆ. ಕೊಡುವವರು, ಇಸಿದುಕೊಳ್ಳುವವರು, ಬಂತು ಎನ್ನುವ ತನಕ ಇಬ್ಬರೂ ಹಿಡಿದಿರುವುದು, ಎಲ್ಲ. ಒಗುಚಿ-ಸಾನ್ ನಗು ನಿಲ್ಲಿಸಿ ಕೇಳಿದರು. ಆಮೇಲೆ ಬಹಳ ಮೆತ್ತಗೆ ಒಂದು ಪ್ರಶ್ನೆ ಹಾಕಿದರು. ಪುಟ್ಟಸ್ವಾಮಿ ಕಿಟಕಿಯ ಸರಳು ಹಿಡಿದು ನನ್ನನ್ನೇ ನೋಡಿದ.

"ನಿನ್ ಗಾಡೀಲಿ ಬಂತು ಅನ್ನೋರು ಯಾರು, ಅಂತವ್ರೆ ಕಣ್ಲಾ."

ನನ್ನ ಕೈಯಲ್ಲಿ ತಟ್ಟೆ ಇತ್ತು, ಇಲ್ಲದಿದ್ದರೆ ಅಲ್ಲೇ ಕುಣಿದುಬಿಡುತ್ತಿದ್ದೆ. ಯಾರೂ ಇಲ್ಲ! ನನ್ನ ಸ್ವಿಚ್ಚು ಮೊದಲು ಮೋಟಾರನ್ನು ಆರಿಸುತ್ತಿತ್ತು, ಆಮೇಲೆ ಇಂಜಿನ್ನನ್ನು ಸೇರಿಸುತ್ತಿತ್ತು. ನಡುವೆ ಒಂದು ಗಳಿಗೆ ಗಾಡಿಯನ್ನು ಯಾರೂ ಹಿಡಿದಿರುತ್ತಿರಲಿಲ್ಲ. ಏರಿನಲ್ಲಿ ಆ ಒಂದು ಗಳಿಗೆ ಸಾಕು, ಗಾಡಿ ಹಿಂದಕ್ಕೆ ತೂಗಿ ಆಮೇಲೆ ಮುಂದಕ್ಕೆ ಧಡ್ ಎನ್ನುತ್ತದೆ. ಹಾಗೆ ಮಾಡಿದ್ದು ನಾನೇ, ಭಯದಿಂದ. ಇಬ್ಬರೂ ಒಟ್ಟಿಗೆ ಎಳೆದರೆ ಜಗಳವಾಡಿ ಗೇರ್ ಬಾಕ್ಸು ಮುರಿದಾರು ಎಂದು. ಇಪ್ಪತ್ತು ವರ್ಷ ಬಂತು ಬಂತು ಎನ್ನುತ್ತ ತಟ್ಟೆ ಇಸಿದುಕೊಂಡವನು, ಅದೇ ತಟ್ಟೆಗಾಗಿ ಗಾಡಿ ಕಟ್ಟುವಾಗ ಅದನ್ನು ಮರೆತಿದ್ದೆ. ನನ್ನ ಬುದ್ಧಿಗೆ ಏನೆನ್ನಲಿ!

"ಇಬ್ರೂ ಎಳ್ದ್ರೆ ಕಿತ್ತಾಡಲ್ವಾ ಕೇಳ್ಲಾ" ಎಂದೆ.

ಒಗುಚಿ-ಸಾನ್ ಕಿವಿಯ ಮೇಲಿನ ಪೆನ್ಸಿಲು ತೆಗೆದರು.

"ಸ್ಪೀಡು ಬ್ಯಾರೆ ಬ್ಯಾರೆ ಇದ್ರೆ ಕಿತ್ತಾಡ್ತವಂತೆ" ಎಂದ ಪುಟ್ಟಸ್ವಾಮಿ. "ಮೊದ್ಲು ಇಂಜಿನ್ನು ಮೋಟಾರಿನ ಸ್ಪೀಡಿಗೆ ಬರ್ಬೇಕು. ಬಂದ್ಮೇಲೆ ಇಬ್ರೂ ಒಸಿ ಹೊತ್ತು ಒಟ್ಟಿಗೇ ಎಳೀಬೇಕು. ಆಮ್ಯಾಕೆ ಮೋಟಾರು ಮೆಲ್ಲುಕ್ಕೆ ಕೈ ಬುಡ್ಬೇಕಂತೆ."

ನಾನು ಅಜ್ಜಿಗೆ ತಲೆ ಬಗ್ಗಿಸಿದೆ. ಅವರು ತಟ್ಟೆ ಬಿಟ್ಟರು.

ಓಕಾಯಾ: ಕೆರೆಯ ಮೇಲಿನ ಏರು

ಮುಂದಿನ ಎರಡು ದಿನ ಶೆಡ್ಡಿನಿಂದ ಹೊರಗೆ ಬರಲಿಲ್ಲ. ಕೋಟೆಯಿದೆ, ಬಿಸಿನೀರ ಬುಗ್ಗೆಯಿದೆ, ಬಾರೋ ಎಂದು ಪುಟ್ಟಸ್ವಾಮಿ ಗೋಗರೆದ. ನನಗೆ ಬೇಕಿರಲಿಲ್ಲ. ಒಗುಚಿ-ಸಾನ್ ತಮ್ಮ ಪುಟ್ಟ ಟ್ರಕ್ಕಿನ ಹೊಟ್ಟೆ ಬಿಚ್ಚಿ ತೋರಿಸಿದರು. ಇಂಜಿನ್ನಿನ ತಿರುಗಾಟ ಅಳೆಯಲು ಒಂದು ಸೆನ್ಸರು, ಚಕ್ರದ ಕಡೆ ಇನ್ನೊಂದು, ನಡುವೆ ಬೆಂಕಿಪೊಟ್ಟಣದಷ್ಟು ಚಿಕ್ಕ ಒಂದು ಪೆಟ್ಟಿಗೆ. ಎರಡರ ವೇಗ ಒಂದಾದಾಗ ಚಾಲಕನ ಎದುರು ಹಸಿರು ದೀಪ ಹೊತ್ತಿಕೊಳ್ಳುತ್ತದೆ. ಆಗ ಕ್ಲಚ್ಚು ಬಿಡಬೇಕು. ಮೋಟಾರಿನ ಬಲವನ್ನು ಆ ಪೆಟ್ಟಿಗೆ ತಾನೇ ಮೆಲ್ಲಗೆ ಇಳಿಸುತ್ತದೆ. ಅಲ್ಲಿದ್ದ ಜರ್ಮನ್, ಜಪಾನಿ ಹೆಸರುಗಳು ನನ್ನ ತಲೆಗೆ ಹೋಗಲಿಲ್ಲ. ಆ ಹಸಿರು ದೀಪಕ್ಕೆ ನಾನು ಬಂತು ಲೈಟು ಎಂದು ಹೆಸರಿಟ್ಟೆ.

ಮೂರನೇ ದಿನ ಕೆರೆಯ ಮೇಲಿನ ಬೆಟ್ಟದ ರಸ್ತೆಯಲ್ಲಿ ಟ್ರಕ್ಕು ನನ್ನ ಕೈಗೆ ಬಂತು. ಲೈಸೆನ್ಸು ಎಲ್ಲಿ ಎಂದು ಕೇಳುವ ಅಲ್ಲಿನ ಪೊಲೀಸರಿಗೆ ಉತ್ತರ ಹೇಳುವ ಪ್ರಸಂಗ ಬಾರದಿರಲೆಂದು ಒಗುಚಿ-ಸಾನ್ ಅವರ ಗೆಳೆಯರ ಸೇಬಿನ ತೋಟದೊಳಗಿನ ದಾರಿ ಹಿಡಿದೆವು. ಮೋಟಾರಿನಲ್ಲಿ ಹೊರಟೆ, ಹಕ್ಕಿಯ ಕೂಗು ಕೇಳಿಸುವಷ್ಟು ನಿಶ್ಶಬ್ದ. ಏರು ಬಂತು. ಇಂಜಿನ್ನು ಹೊತ್ತಿಸಿದೆ, ಆಕ್ಸಿಲೇಟರು ಒತ್ತಿ ಕಾದೆ. 'ಬಂತು ಲೈಟು' ಹತ್ತಿತು. ಕ್ಲಚ್ಚು ಬಿಟ್ಟೆ. ಇಂಜಿನ್ನಿನ ಸದ್ದು ಬದಲಾಯಿತು, ಅಷ್ಟೇ. ಬೆನ್ನಿಗೆ ಏನೂ ತಾಗಲಿಲ್ಲ.

ನಾನು ಟ್ರಕ್ಕು ನಿಲ್ಲಿಸಿ, ಇಳಿದು, ಒಗುಚಿ-ಸಾನ್ ಅವರನ್ನು ತಬ್ಬಿಕೊಂಡೆ. ಜಪಾನಿನಲ್ಲಿ ಯಾರೂ ಹಾಗೆ ಮಾಡುವುದಿಲ್ಲವಂತೆ. ಅವರು ಕಂಬದ ಹಾಗೆ ಸೆಟೆದು ನಿಂತರು, ಆಮೇಲೆ ನನ್ನ ಬೆನ್ನನ್ನು ಎರಡು ಸಲ ತಟ್ಟಿದರು.

ಕೆಂಪಾಪುರ: ಊರಿಗೆ ಮುಂಚಿನ ಏರು

ಮನೆಗೆ ಬಂದ ಮೇಲೆ ಗಾಡಿ ಸಿದ್ಧವಾಗಲು ತಿಂಗಳು ಹಿಡಿಯಿತು. ಸೆನ್ಸರು ಕೂರಿಸುವ ಪಟ್ಟಿಗಳನ್ನು ಪುಟ್ಟಸ್ವಾಮಿ ಹಾರೋಹಳ್ಳಿಯಲ್ಲಿ ಗೊತ್ತಿದ್ದವರ ಲೇತಿನಲ್ಲಿ ಮಾಡಿಸಿ ತಂದ. ಖಾಲಿ ಗಾಡಿಯನ್ನು ಚನ್ನಪಟ್ಟಣದ ತನಕ, ಮಾಗಡಿಯ ತನಕ ಓಡಿಸಿ ಓಡಿಸಿ ನೋಡಿದೆ. ಖಾಲಿ ಗಾಡಿ ಓಡಿಸಿದರೆ ಏನು ಬಂತು? ಹತ್ತಬೇಕಾದ್ದು ಹುಳು. ಒಂದು ಬೆಳಿಗ್ಗೆ ಜಯಮ್ಮ ಗಾಡಿಯ ಸುತ್ತ ಒಂದು ಸುತ್ತು ಬಂದು, ಹಿಂದೆ ಮೂಸಿ ನೋಡಿ, ಒಳಗಿನ ನೆಲವನ್ನು ಕೈಯಿಂದ ಸವರಿದಳು.

"ಗಂಗಣ್ಣಂಗೆ ಫೋನ್ ಮಾಡಿ ಒಪ್ಸಿವ್ನಿ" ಎಂದಳು. "ಇದೊಂದ್ ಸಲ. ನಾನೂ ಹಿಂದೆ ತಟ್ಟೆ ಜೊತೇಲೇ ಕೂತ್ಕಂಡು ಬತ್ತೀನಿ. ಆ ಏರ್ನಲ್ಲಿ ಒಂದ್ ಹುಳ ಅಲ್ಲಾಡುದ್ರೂ ವಾಪಸ್ ತಿರುಗ್ಸೋದೇಯ."

"ಆಯ್ತು ಕಣಮ್ಮಿ" ಎಂದೆ.

ಹುಳು ಜ್ವರಕ್ಕೆ ಕೂರುವಾಗ ಅವಳು ಎರಡು ದಿನ ಕಣ್ಣು ಮುಚ್ಚುವುದಿಲ್ಲ. ಎಲ್ಲವೂ ಕೂತವೋ ಇಲ್ಲವೋ ನೋಡುತ್ತ ಓಡಾಡುತ್ತಿರುತ್ತಾಳೆ. ಅದೇ ಕಣ್ಣಿನಲ್ಲೇ ಹಿಂದೆ ಹತ್ತಿ, ತಟ್ಟೆಗಳ ಎದುರು ಚಕ್ಕಂಬಕ್ಕಳ ಹಾಕಿ ಕೂತಳು. ಸೂರ್ಯ ಹುಟ್ಟುವ ಹೊತ್ತಿಗೆ ಹೊರಟೆವು. ಹಳ್ಳಿಯ ಓಣಿಯಲ್ಲಿ ಮೋಟಾರು, ನಾಯಿಗಳೂ ಬೊಗಳಲಿಲ್ಲ. ರಾಮನಗರ ದಾಟಿ ಮಾಗಡಿ ರಸ್ತೆಗೆ ಬಿದ್ದೆ. ನನಗೂ ಅವಳಿಗೂ ನಡುವೆ ಸಣ್ಣ ಕಿಟಕಿ. ಮೊದಮೊದಲು ಅವಳು ಹಳ್ಳ ಕಂಡಲ್ಲೆಲ್ಲ "ಮೆಲ್ಲುಕ್ಕೆ" ಎನ್ನುತ್ತಿದ್ದಳು. ಆಮೇಲೆ ಸುಮ್ಮನಾದಳು. ಗಮನ ಇಟ್ಟು ನೋಡುತ್ತಿದ್ದಾಳೆ ಎಂದುಕೊಂಡೆ, ಇನ್ನಷ್ಟು ಬೆವರಿದೆ.

ಕೆಂಪಾಪುರದ ಏರು ಕಂಡಿತು. ಇಂಜಿನ್ನು ಹೊತ್ತಿಸಿದೆ. ದೀಪದ ಮೇಲೆ ಕಣ್ಣು ನೆಟ್ಟೆ. ಹಸಿರು ಹತ್ತಿತು. ಬಂತು, ಎಂದು ನಾನೇ ಬಾಯಿಬಿಟ್ಟು ಹೇಳಿ ಕ್ಲಚ್ಚು ಬಿಟ್ಟೆ. ಗಾಡಿ ಏರನ್ನು ಹತ್ತಿತು. ಹತ್ತುತ್ತಲೇ ಹೋಯಿತು.

"ಏನಾಯ್ತು?" ಎಂದು ಕೂಗಿದೆ. ಉತ್ತರವಿಲ್ಲ.

"ಜಯಾ, ಹುಳ ಅಲ್ಲಾಡುದ್ವಾ?" ಆಗಲೂ ಇಲ್ಲ.

ಏರಿನ ತಲೆ ಮುಟ್ಟುತ್ತಲೇ ಬದಿಗೆ ನಿಲ್ಲಿಸಿದೆ. ತಟ್ಟೆ ಜಾರಿ ಅವಳ ಮೇಲೆ ಬಿತ್ತೇ, ಸಿಟ್ಟಿಗೆ ಮಾತು ಬಿಟ್ಟಳೇ, ಏನೇನೋ ಯೋಚನೆ. ಓಡಿ ಹೋಗಿ ಹಿಂದಿನ ಬಾಗಿಲು ತೆಗೆದೆ.

ತಟ್ಟೆಗಳು ಇಟ್ಟ ಜಾಗದಲ್ಲೇ ಇದ್ದವು. ಹುಳುಗಳು ತಲೆ ಎತ್ತಿಕೊಂಡು ಅಲ್ಲಾಡದೆ ನಿಂತಿದ್ದವು. ಅವುಗಳ ಪಕ್ಕದಲ್ಲಿ ಜಯಮ್ಮ, ಗಾಡಿಯ ಗೋಡೆಗೆ ತಲೆ ಆನಿಸಿ, ಸೆರಗು ಕೆನ್ನೆಯ ಕೆಳಗಿಟ್ಟುಕೊಂಡು, ಗಾಢ ನಿದ್ದೆಯಲ್ಲಿದ್ದಳು. ಫುಮಿ-ಸಾನ್ ಅಜ್ಜಿಯ ಎರಡನೇ ನಿದ್ದೆ ನೆನಪಾಯಿತು. ನಾನು ಬಾಗಿಲನ್ನು ಸದ್ದಾಗದ ಹಾಗೆ ಮುಚ್ಚಿದೆ. ಮತ್ತೆ ಮೋಟಾರಿಗೆ ಹಾಕಿ, ಊರೊಳಗಿನ ಓಣಿಯಲ್ಲಿ ತೆವಳುತ್ತ ಗಂಗಣ್ಣನ ಹುಳು ಮನೆಯ ಮುಂದೆ ನಿಲ್ಲಿಸಿದೆ.

ಬಾಗಿಲು ತೆಗೆದ ಬೆಳಕಿಗೆ ಅವಳಿಗೆ ಎಚ್ಚರವಾಯಿತು. ದಡಬಡಿಸಿ ಎದ್ದು ಮೊದಲು ತಟ್ಟೆ ನೋಡಿದಳು, ಆಮೇಲೆ ನನ್ನನ್ನು.

"ಯಾಕ್ ನಿಲ್ಸುದ್ರಿ? ಆ ಏರು ಇನ್ನೂ ಎಷ್ಟು ದೂರ ಐತೆ?"

"ಏರು ಹಿಂದಕ್ಕೋಯ್ತು ಕಣೆ. ಗಂಗಣ್ಣನ ಮನೆ ಮುಂದೆ ಇದ್ದೀವಿ."

ಅವಳು ನನ್ನ ಭುಜದಾಚೆ ನೋಡಿದಳು. ಗಂಗಣ್ಣ ಕೈ ತೊಳೆದು ಒರೆಸಿಕೊಳ್ಳುತ್ತ ಬಾಗಿಲಲ್ಲಿ ನಿಂತಿದ್ದ. ಜಯಮ್ಮ ಮತ್ತೆ ತಟ್ಟೆಗಳನ್ನು ಒಂದೊಂದಾಗಿ ಬಗ್ಗಿ ನೋಡಿದಳು. ಮೂಗೇರಿಸಿ, ಸೆರಗು ಸಿಕ್ಕಿಸಿಕೊಂಡು, ಮೇಲಿನ ತಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿ ನನ್ನ ಕಡೆ ಚಾಚಿದಳು.

ನಾನು ಹಿಡಿದೆ. ಇಬ್ಬರೂ ಸ್ವಲ್ಪ ಹೊತ್ತು ಹಾಗೇ ಹಿಡಿದುಕೊಂಡಿದ್ದೆವು.

"ಬಂತು" ಎಂದೆ.

ಆಮೇಲೆ ಅವಳು ಕೈ ಬಿಟ್ಟಳು.